ಪೆನ್‌ಡ್ರೈವ್‌ನಲ್ಲಿ ಡೇಟಾ ಬೀಳುತ್ತಿಲ್ಲವೇ? ಸಿಎಚ್376 ಜೋಡಿಸಿದ ಮೈಕ್ರೋಕಂಟ್ರೋಲರ್ ಬೋರ್ಡಿನ ದೋಷ ನಿವಾರಣೆ

ಕೋಲ್ಡ್ ಸ್ಟೋರೇಜಿನ ಉಷ್ಣಾಂಶ, ಪಂಪ್‌ಸೆಟ್ ಓಡಿದ ತಾಸು, ಫರ್ನೇಸಿನ ರೀಡಿಂಗ್ ಇಂಥವನ್ನು ಪೆನ್‌ಡ್ರೈವ್‌ಗೆ ಬರೆಯುವ ಲಾಗರ್ ಮಾಡಲು ಸುಲಭದ ದಾರಿ ಸಿಎಚ್376 ಚಿಪ್ ಇರುವ ಚಿಕ್ಕ ಮಾಡ್ಯೂಲ್. ಯುಎಸ್‌ಬಿ ಹೋಸ್ಟ್ ಕೆಲಸವನ್ನೂ (ಕಂಪ್ಯೂಟರಿನಂತೆ ಪೆನ್‌ಡ್ರೈವನ್ನು ನಡೆಸುವುದು), ಡ್ರೈವಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಫ್ಯಾಟ್ ಫೈಲ್ ಸಿಸ್ಟಮ್‌ನ ಲೆಕ್ಕವನ್ನೂ ಚಿಪ್ಪೇ ನೋಡಿಕೊಳ್ಳುವುದರಿಂದ 89ಎಸ್52 ಅಥವಾ ಎಟಿಮೆಗಾ328ನಂಥ ಸಣ್ಣ ಕಂಟ್ರೋಲರ್‌ಗೂ ಇದು ಹೊಂದುತ್ತದೆ. ಟೇಬಲ್ ಮೇಲೆ ಚಲೋ ಓಡಿದ ಇದೇ ಲಾಗರ್ ತಿಕೋಟಾ ಕಡೆಯ ಒಣದ್ರಾಕ್ಷಿ ಗೋದಾಮಿಗೋ ಮುಧೋಳದ ಕಾರ್ಖಾನೆಯ ಪ್ಯಾನೆಲ್‌ಗೋ ಹೋದ ಮೇಲೆ ಕೈಕೊಡುತ್ತದೆ. ಫೋನಿನಲ್ಲಿ ಬರುವ ದೂರು ಯಾವಾಗಲೂ ಒಂದೇ: "ಪೆನ್‌ಡ್ರೈವ್ ಹಾಕಿದ್ರ ಏನೂ ಬರವಲ್ದ್ರಿ." ಈ ಒಂದು ಮಾತಿನ ಹಿಂದೆ ಕನಿಷ್ಠ ಐದು ಬೇರೆ ಬೇರೆ ದೋಷಗಳು ಇರಬಹುದು. ಅವುಗಳಲ್ಲಿ ಹೆಚ್ಚಿನವು ಪ್ರೋಗ್ರಾಮಿನವಲ್ಲ, 5 ವೋಲ್ಟ್ ಸಪ್ಲೈಯವು. ಅದಕ್ಕೇ ಕೋಡ್ ತೆರೆಯುವ ಮುಂಚೆ ಮೀಟರ್ ಹಿಡಿಯಬೇಕು.

ಎಲ್ಲಿ ನಿಂತಿದೆ ಎಂಬುದು ಮೊದಲು

ಒಂದು ಸಾಲು ಡೇಟಾ ಪೆನ್‌ಡ್ರೈವ್ ಸೇರಲು ಐದು ಮೆಟ್ಟಿಲು ದಾಟಬೇಕು: ಕಂಟ್ರೋಲರ್ ಚಿಪ್ಪಿನೊಡನೆ ಮಾತಾಡಬೇಕು, ಡ್ರೈವ್ ಬಂದದ್ದು ಚಿಪ್ಪಿಗೆ ತಿಳಿಯಬೇಕು, ಮೌಂಟ್ ಆಗಬೇಕು (ಡ್ರೈವಿನ ಫೈಲ್ ಸಿಸ್ಟಮ್ ಓದಿ ಬಳಕೆಗೆ ತೆರೆಯಬೇಕು), ಬರೆಯಬೇಕು, ಫೈಲ್ ಮುಚ್ಚಬೇಕು. ಸಿಎಚ್376 ಪ್ರತಿ ಮೆಟ್ಟಿಲಿಗೂ ಒಂದು ಬೈಟ್ ಉತ್ತರ ಕೊಡುತ್ತದೆ. ಎಷ್ಟೋ ಪ್ರೋಗ್ರಾಮ್‌ಗಳು ಈ ಬೈಟನ್ನು ಓದಿ ಬಿಸಾಡುತ್ತವೆ. ಡಿಸ್‌ಪ್ಲೇ ಇದ್ದರೆ ಅದರ ಮೂಲೆಯಲ್ಲಿ, ಇಲ್ಲದಿದ್ದರೆ ಡೀಬಗ್ ಸೀರಿಯಲ್‌ನಲ್ಲಿ ಕೊನೆಯ ಕಮಾಂಡ್ ಮತ್ತು ಅದರ ಉತ್ತರ ಎರಡನ್ನೂ ತೋರಿಸುವಂತೆ ಮಾಡಿ. ಇಷ್ಟು ಮಾಡದೆ ದೋಷ ಹುಡುಕುವುದು ಕತ್ತಲಲ್ಲಿ ತಡಕಾಡಿದಂತೆ. ಹಳ್ಳಿಯಲ್ಲಿ ಕುಳಿತ ಆಪರೇಟರ್ "36, 82 ಅಂತ ತೋರಿಸ್ತದ್ರಿ" ಎಂದು ಹೇಳಿದರೆ, ಫೈಲ್ ಮುಚ್ಚುವ ಹೊತ್ತಿಗೆ ಡ್ರೈವ್ ಸಂಪರ್ಕ ತಪ್ಪಿದೆ ಎಂದು ವಿಜಯಪುರದಿಂದಲೇ ತಿಳಿಯುತ್ತದೆ. ಗಾಡಿ ಹತ್ತುವ ಕೆಲಸ ತಪ್ಪುತ್ತದೆ.

ಈ ಬರಹದಲ್ಲಿನ ಸಿಎಚ್376 ಕಮಾಂಡ್ ಮತ್ತು ಉತ್ತರಗಳ ಸಂಖ್ಯೆಗಳೆಲ್ಲ ಹೆಕ್ಸ್ (ಹದಿನಾರರ ಎಣಿಕೆ).

5 ವೋಲ್ಟ್: ಸಾಕೆಟ್ಟಿನ ಪಿನ್ನಿನಲ್ಲೇ, ಲೋಡ್ ಇರುವಾಗಲೇ

ಖಾಲಿ ಸಾಕೆಟ್ಟಿನಲ್ಲಿ 5.02 ವೋಲ್ಟ್ ಕಂಡರೆ ಅದಕ್ಕೆ ಬೆಲೆ ಇಲ್ಲ. ಪೆನ್‌ಡ್ರೈವ್ ಸುಮ್ಮನಿರುವಾಗ ಕೆಲವೇ ಹತ್ತು ಮಿಲಿಆಂಪ್ ಎಳೆಯಬಹುದು. ಬರೆಯಲು ತೊಡಗಿದ ಗಳಿಗೆಯಲ್ಲಿ 200 ಮಿಲಿಆಂಪ್, ಕೆಲವು ಡ್ರೈವ್‌ಗಳಲ್ಲಿ ಅದಕ್ಕೂ ಹೆಚ್ಚು. ಯುಎಸ್‌ಬಿ 2.0 ನಿಯಮದಂತೆ ಒಂದು ಡಿವೈಸ್ 500 ಮಿಲಿಆಂಪ್ ತನಕ ಕೇಳಬಹುದು, ಹೋಸ್ಟ್ ಸಾಕೆಟ್ಟಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು.

ಪರೀಕ್ಷೆ ಸರಳ. 15 ಓಮ್, 5 ವ್ಯಾಟ್ ರೆಸಿಸ್ಟರ್ ಒಂದನ್ನು ಹಳೆಯ ಯುಎಸ್‌ಬಿ ಪ್ಲಗ್ಗಿನ ಕೆಂಪು ಮತ್ತು ಕಪ್ಪು ತಂತಿಗೆ ಬೆಸೆದು ಸಾಕೆಟ್ಟಿಗೆ ಹಾಕಿ. ಸುಮಾರು 333 ಮಿಲಿಆಂಪ್ ಹರಿಯುತ್ತದೆ. ಸಾಕೆಟ್ಟಿನ ಹೊರ ಪಿನ್ ಎರಡರ ನಡುವೆ ಅಳೆಯಿರಿ. 4.75ಕ್ಕಿಂತ ಕೆಳಗೆ ಬಿದ್ದರೆ ಉಳಿದ ಯಾವ ಪರೀಕ್ಷೆಯನ್ನೂ ಮಾಡಬೇಡಿ, ಮೊದಲು ಇದನ್ನು ಸರಿಪಡಿಸಿ. ರೆಸಿಸ್ಟರ್ ಕಾಯುತ್ತದೆ, ಕೈ ಜೋಪಾನ.

ಬೀಳುವ ಜಾಗ ಸಾಮಾನ್ಯವಾಗಿ ಮೂರು. ಒಂದು, ಪ್ಯಾನೆಲ್ ಬಾಗಿಲಿಗೆ ಸಾಕೆಟ್ ತರಲು ಬಳಸಿದ ಎಕ್ಸ್‌ಟೆನ್ಷನ್ ಕೇಬಲ್. ಅಗ್ಗದ ಕೇಬಲ್ಲಿನ ಪವರ್ ತಂತಿ 28 ಗೇಜ್ ಇರುತ್ತದೆ. ಅದಕ್ಕೆ ಮೀಟರಿಗೆ 0.21 ಓಮ್. 2 ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರುವ ದಾರಿ 4 ಮೀಟರ್, ಅಂದರೆ 0.85 ಓಮ್. 300 ಮಿಲಿಆಂಪ್‌ಗೆ ಅಲ್ಲೇ ಕಾಲು ವೋಲ್ಟ್ ಹೋಯಿತು, ಕನೆಕ್ಟರ್‌ನ ಸವೆತ ಬೇರೆ. ಪವರ್ ತಂತಿ 24 ಗೇಜ್ ಇರುವ ಅರ್ಧ ಮೀಟರ್ ಕೇಬಲ್ ಹಾಕಿ. ಬೋರ್ಡನ್ನೇ ಬಾಗಿಲ ಹತ್ತಿರ ಕೂರಿಸಲು ಆದರೆ ಇನ್ನೂ ಒಳ್ಳೆಯದು.

ಎರಡು, 5 ವೋಲ್ಟ್ ಕೊಡುವ ರೆಗ್ಯುಲೇಟರ್ 7805. 12 ವೋಲ್ಟ್ ಒಳಬಂದು 350 ಮಿಲಿಆಂಪ್ ಹೊರಹೋದರೆ ಅದು ಸುಡುವ ಶಕ್ತಿ 7 ಗುಣಿಸು 0.35, ಸುಮಾರು 2.5 ವ್ಯಾಟ್. ಹೀಟ್‌ಸಿಂಕ್ ಇಲ್ಲದ 7805ಗೆ ಪ್ರತಿ ವ್ಯಾಟಿಗೆ ಸುಮಾರು 65 ಡಿಗ್ರಿ ಏರಿಕೆ. ಲೆಕ್ಕ ಹಾಕಿದರೆ 160 ಡಿಗ್ರಿ. ವಿಜಯಪುರದ ಏಪ್ರಿಲ್-ಮೇ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯ ಒಳಗೆ ಅದು ತನ್ನ ಥರ್ಮಲ್ ರಕ್ಷಣೆಯಿಂದ ತಾನೇ ಬಂದ್ ಆಗುತ್ತದೆ, ತಣ್ಣಗಾಗಿ ಮತ್ತೆ ಚಾಲೂ ಆಗುತ್ತದೆ. "ಮುಂಜಾನೆ ಬರೀತದ, ಮಧ್ಯಾಹ್ನ ಬರಿಯಂಗಿಲ್ಲ" ಎಂಬ ದೂರಿಗೆ ಇದೇ ಕಾರಣ ಎಂದು ಮೊದಲು ಶಂಕಿಸಿ. ಎಲ್ಎಂ2596 ಬಕ್ ಕನ್ವರ್ಟರ್‌ಗೆ ಬದಲಾಯಿಸಿದರೆ ಈ ತಲೆನೋವು ಮುಗಿಯುತ್ತದೆ. ಜೋಡಿಸುವ ಮುಂಚೆ ಅದರ ಔಟ್‌ಪುಟ್ ಟ್ರಿಮ್ಮರ್ ತಿರುಗಿಸಿ 5.1 ವೋಲ್ಟಿಗೆ ಇಟ್ಟು ಅರಗು ಹಚ್ಚಿ.

ಮೂರು, ಸಾಕೆಟ್ಟಿನ ಹತ್ತಿರ ಕೆಪಾಸಿಟರ್ ಇಲ್ಲದಿರುವುದು. ಪೆನ್‌ಡ್ರೈವ್ ಚುಚ್ಚಿದೊಡನೆ ಡಿಸ್‌ಪ್ಲೇ ಮಿಣುಕಿ ಕಂಟ್ರೋಲರ್ ರೀಸೆಟ್ ಆಗುತ್ತಿದ್ದರೆ ದೋಷ ಇಲ್ಲಿದೆ. ಡ್ರೈವಿನೊಳಗಿನ ಕೆಪಾಸಿಟರ್ ತುಂಬಿಕೊಳ್ಳುವ ಗಳಿಗೆಯಲ್ಲಿ ಬೋರ್ಡಿನ 5 ವೋಲ್ಟ್ ಕುಸಿಯುತ್ತದೆ. ಯುಎಸ್‌ಬಿ ನಿಯಮ ಹೋಸ್ಟ್ ಕಡೆ ಕನಿಷ್ಠ 120 ಮೈಕ್ರೋಫ್ಯಾರಡ್ ಕೇಳುತ್ತದೆ. 220 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಎರಡನ್ನೂ ಸಾಕೆಟ್ ಪಿನ್ನಿನ ಪಕ್ಕದಲ್ಲೇ ಬೆಸೆಯಿರಿ. ಹೊಸ ಬೋರ್ಡ್ ಮಾಡುತ್ತಿದ್ದರೆ ಟಿಪಿಎಸ್2051ನಂಥ ಪವರ್ ಸ್ವಿಚ್ ಐಸಿ ಹಾಕಿ. ಶಾರ್ಟ್ ಆದ ಡ್ರೈವ್ ಹಾಕಿದರೂ ಬೋರ್ಡ್ ಉಳಿಯುತ್ತದೆ, ಜೊತೆಗೆ ಹಟ ಹಿಡಿದ ಡ್ರೈವಿನ ಕರೆಂಟನ್ನು ಪ್ರೋಗ್ರಾಮಿನಿಂದಲೇ ಒಂದು ಸೆಕೆಂಡ್ ತೆಗೆದು ಕೊಡಬಹುದು.

ಮೀಟರ್ ನಿಧಾನದ ಸಾಧನ. ಅರೆಗಳಿಗೆಯ ಕುಸಿತ ಅದಕ್ಕೆ ಕಾಣದು. ಸ್ಕೋಪ್ ಸಿಕ್ಕರೆ 4.6 ವೋಲ್ಟಿಗೆ ಇಳಿಮುಖ ಟ್ರಿಗ್ಗರ್, ಸಿಂಗಲ್ ಶಾಟ್ ಇಟ್ಟು ಬರೆಯಲು ಬಿಡಿ. ಒಂದು ಸಲವೂ ಟ್ರಿಗ್ಗರ್ ಆಗದಿದ್ದರೆ ಮುಂದಿನ ಮೆಟ್ಟಿಲಿಗೆ ಹೋಗಿ.

ಚಿಪ್ ಉತ್ತರವನ್ನೇ ಕೊಡದಿದ್ದರೆ

ಸೀರಿಯಲ್‌ನಲ್ಲಿ ಪ್ರತಿ ಕಮಾಂಡಿನ ಮುಂದೆ 57, ಎಬಿ ಎಂಬ ಎರಡು ಬೈಟ್ ಹೋಗಬೇಕು. ಪರೀಕ್ಷೆಗೆ 57 ಎಬಿ 06 55 ಕಳಿಸಿ. ಚಿಪ್ ಜೀವಂತ ಇದ್ದರೆ 55ರ ಬಿಟ್‌ಗಳನ್ನು ತಿರುವಿ ಎಎ ಎಂದು ಮರಳಿಸುತ್ತದೆ. ಕಳಿಸಿದ 55 ಅನ್ನೇ ಮರಳಿ ಕಂಡರೆ ಟಿಎಕ್ಸ್-ಆರ್‌ಎಕ್ಸ್ (ಕಳಿಸುವ, ಪಡೆಯುವ ತಂತಿ) ಎಲ್ಲೋ ಶಾರ್ಟ್ ಆಗಿದೆ. ಏನೂ ಬರದಿದ್ದರೆ ಎರಡನ್ನೂ ಅದಲು ಬದಲು ಮಾಡಿ ನೋಡಿ. ಕಸದ ಬೈಟ್ ಬಂದರೆ ವೇಗ ತಪ್ಪಿದೆ.

ಮಾಡ್ಯೂಲ್ ಎದ್ದಾಗ ಅದರ ಸೀರಿಯಲ್ ವೇಗ ಸೆಕೆಂಡಿಗೆ 9600 ಬಿಟ್. 8051 ಬಳಗದ ಬೋರ್ಡಿನಲ್ಲಿ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿ ವೇಗ ನಿರ್ಧರಿಸುವ ಟಿಎಚ್1 ರಿಜಿಸ್ಟರಿಗೆ ಎಫ್‌ಡಿ (ಹೆಕ್ಸ್) ತುಂಬಿದರೆ ನಿಜದಲ್ಲಿ ಸಿಗುವುದು 10417, ಶೇ 8.5 ತಪ್ಪು. 11.0592 ಮೆಗಾಹರ್ಟ್ಸ್ ಕ್ರಿಸ್ಟಲ್ಲೇ ಬೇಕು. ಎಟಿಮೆಗಾ328ನ ಒಳಗಿನ ಆರ್‌ಸಿ ಆಸಿಲೇಟರ್ ಕಾರ್ಖಾನೆಯಿಂದ ಶೇ 10ರ ತನಕ ಆಚೀಚೆ ಇರಬಹುದು, ಬಿಸಿಗೂ ಸರಿಯುತ್ತದೆ. ಲಾಗರ್‌ಗೆ ಅದನ್ನು ನಂಬಬೇಡಿ. ಸೀರಿಯಲ್ ಇಲ್ಲವೇ ಎಸ್‌ಪಿಐ (ಚಿಪ್‌ಗಳ ನಡುವಿನ ಇನ್ನೊಂದು ಸಂಪರ್ಕ ವಿಧಾನ) ಆಯ್ಕೆಯ ಜಂಪರನ್ನು ಚಿಪ್ ನೋಡುವುದು ರೀಸೆಟ್ ಹೊತ್ತಿಗೆ ಮಾತ್ರ. ಚಾಲೂ ಇರುವಾಗ ಜಂಪರ್ ಬದಲಿಸಿದರೆ ಏನೂ ಆಗದು, ಕರೆಂಟ್ ತೆಗೆದು ಹಾಕಿ.

3.3 ವೋಲ್ಟಿನ ಕಂಟ್ರೋಲರ್ ಇದ್ದು ಮಾಡ್ಯೂಲ್ 5 ವೋಲ್ಟಿನಲ್ಲಿ ಓಡುತ್ತಿದ್ದರೆ ಅದರ ಟಿಎಕ್ಸ್ ಲೈನಿಗೆ 1 ಕಿಲೋಓಮ್, 2 ಕಿಲೋಓಮ್ ಡಿವೈಡರ್ ಇಡಿ. ಚಿಪ್ಪನ್ನೇ 3.3ರಲ್ಲಿ ಓಡಿಸುವುದಾದರೆ ಅದರ ವಿ3 ಪಿನ್ನು ಸಪ್ಲೈಗೆ ಸೇರಿರಬೇಕು, ಆದರೆ ಪೆನ್‌ಡ್ರೈವ್ ಸಾಕೆಟ್ಟಿಗೆ ಆಗಲೂ 5 ವೋಲ್ಟೇ ಬೇಕು.

ಡ್ರೈವ್ ಕಾಣುತ್ತದೆ, ಮೌಂಟ್ ಆಗುವುದಿಲ್ಲ

15 06 ಕಳಿಸಿ ಹೋಸ್ಟ್ ಮೋಡ್ ಹಾಕಿದರೆ 51 ಬರಬೇಕು. ಡ್ರೈವ್ ಚುಚ್ಚಿದಾಗ 15, ಕಿತ್ತಾಗ 16 ತಾನಾಗಿ ಬರುತ್ತದೆ. ಚುಚ್ಚಿದರೂ 15 ಬರದಿದ್ದರೆ ಡಿ ಪ್ಲಸ್, ಡಿ ಮೈನಸ್ ಎಂಬ ಡೇಟಾ ತಂತಿ ನೋಡಿ. ಪ್ರಮಾಣಿತ ಕೇಬಲ್ಲಿನಲ್ಲಿ ಹಸಿರು ಡಿ ಪ್ಲಸ್, ಬಿಳಿ ಡಿ ಮೈನಸ್. ಎರಡೂ ಅದಲು ಬದಲಾಗಿದ್ದರೆ ಡ್ರೈವಿನ 1.5 ಕಿಲೋಓಮ್ ಪುಲ್-ಅಪ್ ತಪ್ಪು ಲೈನಿನಲ್ಲಿ ಕಾಣುವುದರಿಂದ ಹೋಸ್ಟ್ ಅದನ್ನು ಲೋ-ಸ್ಪೀಡ್ ಡಿವೈಸ್ ಎಂದು ತಿಳಿಯುತ್ತದೆ. 15 ಬಂದರೂ ಮುಂದೆ ಹೋಗದು, ಮನುಷ್ಯ ಫೈಲ್ ಸಿಸ್ಟಮ್ ಮೇಲೆ ಸುಮ್ಮನೆ ಅನುಮಾನಪಡುತ್ತಾನೆ.

ಮುಂದೆ 30 (ಡ್ರೈವ್ ಇದೆಯೇ) ಮತ್ತು 31 (ಮೌಂಟ್ ಮಾಡು) ಎರಡಕ್ಕೂ 14, ಅಂದರೆ ಕೆಲಸ ಆಯಿತು ಎಂಬ ಉತ್ತರ, ಬರಬೇಕು. ಕೆಲವು ಡ್ರೈವ್‌ಗಳು ಸಿದ್ಧವಾಗಲು ಎರಡು ಮೂರು ಸೆಕೆಂಡ್ ತೆಗೆದುಕೊಳ್ಳುತ್ತವೆ. ಒಂದೇ ಸಲ ಕೇಳಿ "ಎರರ್" ಎಂದು ಕೈಬಿಡುವ ಪ್ರೋಗ್ರಾಮ್ ತಪ್ಪು. 31 ಅನ್ನು 300 ಮಿಲಿಸೆಕೆಂಡಿಗೊಮ್ಮೆಯಂತೆ ಹತ್ತು ಸಲ ಪ್ರಯತ್ನಿಸಲಿ. ಆಮೇಲೂ ಆಗದಿದ್ದರೆ ಉತ್ತರದ ಬೈಟ್ ಕಾರಣ ಹೇಳುತ್ತದೆ. 92 ಎಂದರೆ ಪಾರ್ಟಿಷನ್ ಜಾತಿ ಒಗ್ಗದು, ಎ1 ಎಂದರೆ ಫಾರ್ಮ್ಯಾಟ್ ಸರಿಯಿಲ್ಲ, 84 ಎಂದರೆ ಸೆಕ್ಟರ್ 512 ಬೈಟಿಗಿಂತ ದೊಡ್ಡದು. ಈ ಚಿಪ್ಪಿಗೆ ತಿಳಿಯುವುದು ಫ್ಯಾಟ್12, ಫ್ಯಾಟ್16, ಫ್ಯಾಟ್32 ಮಾತ್ರ. 64 ಜಿಬಿಯ ಹೊಸ ಡ್ರೈವ್ ಎಕ್ಸ್‌ಫ್ಯಾಟ್ ಆಗಿ ಬಂದರೆ, ಯಾರೋ ಲಿನಕ್ಸ್ ಇನ್‌ಸ್ಟಾಲ್ ಮಾಡಲು ಬಳಸಿದ ಡ್ರೈವ್ ಆದರೆ, ಅಥವಾ ಜಿಪಿಟಿ ಪಾರ್ಟಿಷನ್ ಟೇಬಲ್ ಇದ್ದರೆ ಆಗದು. ಎಂಬಿಆರ್ ಎಂಬ ಹಳೆಯ ಮಾದರಿಯ ಪಾರ್ಟಿಷನ್ ಟೇಬಲ್, ಒಂದೇ ಪಾರ್ಟಿಷನ್, ಫ್ಯಾಟ್32, ಇಷ್ಟು ಮಾಡಿ. ಲಾಗರ್ ಜೊತೆಗೇ 8 ಅಥವಾ 16 ಜಿಬಿಯ ಒಂದು ಒಳ್ಳೆಯ ಡ್ರೈವ್ ಕೊಟ್ಟುಬಿಡುವುದು ಎಲ್ಲಕ್ಕಿಂತ ಸರಳ. ಒಂದು ಸಾಲು 64 ಬೈಟ್, ನಿಮಿಷಕ್ಕೊಂದು ಸಾಲು ಎಂದರೂ ವರ್ಷಕ್ಕೆ 34 ಎಂಬಿ ದಾಟದು.

ಮಾರುಕಟ್ಟೆಯಲ್ಲಿ ನಕಲಿ ಡ್ರೈವ್‌ಗಳೂ ಇವೆ: ಮೇಲೆ 64 ಬರೆದಿರುತ್ತದೆ, ಒಳಗಿನ ಮೆಮೊರಿ ಅದರ ಒಂದು ಪಾಲು. ಮೌಂಟ್ ಆಗುತ್ತದೆ, ಬರೆಯುತ್ತದೆ, ಓದಿದರೆ ಕಸ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಓಡಿಸಿ ಪೂರ್ತಿ ತುಂಬಿ ಓದಿ ನೋಡಿದರೆ ಗೊತ್ತಾಗುತ್ತದೆ.

ಫೈಲ್ ಇದೆ, ಒಳಗೆ ಏನೂ ಇಲ್ಲ

ಹೆಚ್ಚು ಡೇಟಾ ಹಾಳಾಗುವುದು ಇಲ್ಲಿಯೇ. ಡ್ರೈವನ್ನು ಕಂಪ್ಯೂಟರಿಗೆ ಹಾಕಿದಾಗ ಫೈಲಿನ ಹೆಸರು ಕಾಣುತ್ತದೆ, ಗಾತ್ರ 1 ಬೈಟ್, ತಾರೀಖು 1-1-2004. ಇದು ಸಿಎಚ್376ನ ಗುರುತು. ಹೊಸ ಫೈಲ್ ಮಾಡಿದಾಗ ಅದು ತಾರೀಖನ್ನು 2004ರ ಜನವರಿ 1 ಎಂದೂ ಉದ್ದವನ್ನು 1 ಎಂದೂ ಬರೆದಿಡುತ್ತದೆ. ನಿಜವಾದ ಉದ್ದ ಡೈರೆಕ್ಟರಿಗೆ ಹೋಗುವುದು ಫೈಲ್ ಮುಚ್ಚುವಾಗ, ಅದೂ 36 01 ಎಂದು ಕಳಿಸಿದರೆ. 36 00 ಎಂದು ಕಳಿಸಿದರೆ ಉದ್ದ ಬದಲಾಗದು. ಡೇಟಾ ಸೆಕ್ಟರ್‌ಗಳಲ್ಲಿ ಬಿದ್ದಿರುತ್ತದೆ, ಡೈರೆಕ್ಟರಿಗೆ ಮಾತ್ರ ಅದು ಗೊತ್ತಿರುವುದಿಲ್ಲ.

ಕೋಡ್ ಸರಿ ಇದ್ದೂ ಹೀಗಾದರೆ, ಮುಚ್ಚುವ ಮೊದಲೇ ಕರೆಂಟ್ ಹೋಗಿದೆ ಅಥವಾ ಡ್ರೈವ್ ಕಿತ್ತಿದ್ದಾರೆ. ಬೆಳಿಗ್ಗೆ ಫೈಲ್ ತೆರೆದು ರಾತ್ರಿ ಮುಚ್ಚುವ ಲಾಗರ್ ನಮ್ಮ ಕಡೆಯ ಲೈನಿಗೆ ಒಗ್ಗುವುದಿಲ್ಲ. ಹಾಗೆಂದು ಪ್ರತಿ ನಿಮಿಷ ತೆರೆದು ಮುಚ್ಚಿದರೆ ದಿನಕ್ಕೆ 1440 ಸಲ ಅದೇ ಡೈರೆಕ್ಟರಿ ಸೆಕ್ಟರ್ ತಿದ್ದಬೇಕಾಗುತ್ತದೆ, ಅಗ್ಗದ ಡ್ರೈವ್ ಅದನ್ನು ಬಹಳ ಕಾಲ ತಾಳದು. ನಡುವಿನ ದಾರಿ 24ಸಿ256 ಇಇಪ್ರಾಮ್, ಅಂದರೆ ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಚಿಕ್ಕ ಮೆಮೊರಿ ಚಿಪ್. ಅದರಲ್ಲಿ 64 ಬೈಟಿನ 512 ಪುಟಗಳಿವೆ. ನಿಮಿಷಕ್ಕೊಂದು ಸಾಲು ಒಂದು ಪುಟದಲ್ಲಿ ಬರೆದರೆ ಎಂಟೂವರೆ ತಾಸಿನ ಡೇಟಾ ಹಿಡಿಯುತ್ತದೆ. ಒಂದು ಪುಟಕ್ಕೆ ದಿನಕ್ಕೆ ಮೂರು ಬರಹವೂ ಬೀಳದು, ಅದರ ತಾಳಿಕೆ ಹತ್ತು ಲಕ್ಷ ಬರಹ. ಹದಿನೈದು ನಿಮಿಷಕ್ಕೊಮ್ಮೆ ಅಲ್ಲಿಂದ ಪೆನ್‌ಡ್ರೈವ್‌ಗೆ ಸಾಗಿಸಿ ಮುಚ್ಚಿ. ಮುಚ್ಚಿದ್ದಕ್ಕೆ 14 ಬಂದ ಮೇಲೆಯೇ ಇಇಪ್ರಾಮಿನ ಪಾಯಿಂಟರ್ ಮುಂದೆ ಸರಿಯಬೇಕು. ಈ ಕ್ರಮ ತಪ್ಪಿದರೆ ಇಇಪ್ರಾಮ್ ಇದ್ದೂ ಪ್ರಯೋಜನವಿಲ್ಲ.

ಕರೆಂಟ್ ಹೋದಾಗ ಮುಚ್ಚಲು ಪುರುಸೊತ್ತು ಬೇಕೆಂದರೆ ಲೆಕ್ಕ ಹೀಗೆ. 5 ವೋಲ್ಟ್, 350 ಮಿಲಿಆಂಪ್ ಎಂದರೆ 1.75 ವ್ಯಾಟ್. ಬಕ್ ಕನ್ವರ್ಟರಿನ ದಕ್ಷತೆ ಶೇ 85 ಎಂದು ಹಿಡಿದರೆ ಒಳಬದಿಯಲ್ಲಿ 2.06 ವ್ಯಾಟ್. 0.3 ಸೆಕೆಂಡಿಗೆ 0.62 ಜೂಲ್. ಕೆಪಾಸಿಟರ್ 12ರಿಂದ 7 ವೋಲ್ಟಿಗೆ ಇಳಿಯಬಹುದು ಎಂದಾದರೆ ಬೇಕಾದದ್ದು 13,000 ಮೈಕ್ರೋಫ್ಯಾರಡ್. 6,800ರ ಎರಡು ಸಾಕೆನಿಸುತ್ತದೆ, ಆದರೆ ಎಲೆಕ್ಟ್ರೋಲೈಟಿಕ್ ಶೇ 20 ಕಡಿಮೆಯೇ ಇರಬಹುದು, ವಯಸ್ಸಾದಂತೆ ಇನ್ನೂ ಇಳಿಯುತ್ತದೆ. 25 ವೋಲ್ಟಿನ ಮೂರು ಹಾಕಿ. ಅವುಗಳ ಮುಂದೆ ಒಂದು ಡಯೋಡ್ ಇರಲಿ, ಕರೆಂಟ್ ಹೋದದ್ದನ್ನು ಡಯೋಡಿನ ಮುಂಚಿನ ಬಿಂದುವಿನಲ್ಲಿ ಕಂಟ್ರೋಲರ್ ನೋಡಲಿ. ಡಯೋಡಿನ ಆಚೆ, ಕೆಪಾಸಿಟರ್ ಕಡೆ ನೋಡಿದರೆ ಕೆಪಾಸಿಟರ್ ಖಾಲಿಯಾಗುವ ತನಕ ಅದಕ್ಕೆ ಸುದ್ದಿಯೇ ತಿಳಿಯದು.

ಫೈಲಿನಲ್ಲಿ ಕೊನೆಯ ಕಂತು ಮಾತ್ರ ಇದ್ದು ಹಿಂದಿನದೆಲ್ಲ ಮಾಯವಾಗಿದ್ದರೆ ಅದು ಬೇರೆ ದೋಷ. 34 ಕಮಾಂಡ್ ಅದೇ ಹೆಸರಿನ ಫೈಲ್ ಇದ್ದರೆ ಅಳಿಸಿ ಹೊಸದು ಮಾಡುತ್ತದೆ. ಮೊದಲು 32ರಿಂದ ತೆರೆಯಿರಿ. 42 ಬಂದರೆ, ಅಂದರೆ ಫೈಲ್ ಇಲ್ಲವೆಂದರೆ, ಆಗ ಮಾತ್ರ 34. ತೆರೆದ ಮೇಲೆ 39 ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಕಳಿಸಿ ಕೊನೆಗೆ ಹೋಗಿ ಬರೆಯಿರಿ. ಹೆಸರು ದೊಡ್ಡಕ್ಷರದ ಇಂಗ್ಲಿಷಿನಲ್ಲಿ, 8 ಅಕ್ಷರ, ಚುಕ್ಕೆ, 3 ಅಕ್ಷರ. ತಾಸಿಗೊಂದು ಫೈಲ್ ಮಾಡುವ ಲಾಗರ್ ಮೂರು ವಾರದಲ್ಲಿ ಬಿ2 ಕೊಟ್ಟು ನಿಂತರೆ ಗಾಬರಿ ಬೇಡ: ಫ್ಯಾಟ್16 ಡ್ರೈವಿನ ಮೂಲ ಡೈರೆಕ್ಟರಿಯಲ್ಲಿ ಜಾಗ ಇರುವುದು 512 ಹೆಸರಿಗೆ. ತಿಂಗಳಿಗೊಂದು ಫೈಲ್ ಸಾಕು.

ತಲೆಬರಹದ ಸಾಲನ್ನು ಕನ್ನಡದಲ್ಲಿ ಹಾಕುವುದು ಒಳ್ಳೆಯ ರೂಢಿ, ಗೋದಾಮಿನವರು ತಾವೇ ಓದಿಕೊಳ್ಳುತ್ತಾರೆ. ಆದರೆ ಬರೆಯುವ 3ಸಿ ಕಮಾಂಡಿಗೆ ಕೊಡುವ ಉದ್ದ ಬೈಟ್ ಲೆಕ್ಕದ್ದು. ಯುಟಿಎಫ್-8ರಲ್ಲಿ "ತಾಪ" ಎಂಬ ಎರಡಕ್ಷರಕ್ಕೆ 9 ಬೈಟ್ ಬೇಕು: ತ, ದೀರ್ಘದ ಚಿಹ್ನೆ, ಪ, ತಲಾ ಮೂರು. ಅಕ್ಷರ ಎಣಿಸಿ ಉದ್ದ ಕೊಟ್ಟರೆ ತಲೆಬರಹ ನಡುವೆಯೇ ಕತ್ತರಿಸಿಹೋಗುತ್ತದೆ. ಎಕ್ಸೆಲ್‌ನಲ್ಲಿ ಚೌಕ, ಪ್ರಶ್ನೆಚಿಹ್ನೆ ಕಂಡರೆ ಫೈಲಿನ ಮೊದಲಿಗೆ ಇಎಫ್, ಬಿಬಿ, ಬಿಎಫ್ ಎಂಬ ಮೂರು ಬೈಟ್ ಸೇರಿಸಿ.

ಕಂಪ್ರೆಸರ್ ಎದ್ದಾಗ ಮಾತ್ರ ತಪ್ಪುವ ಸಂಪರ್ಕ

ದಿನವಿಡೀ ಸರಿ, ಮೋಟರ್ ಸ್ಟಾರ್ಟರ್ ಎಳೆದಾಗ ಅಥವಾ ಬಿಟ್ಟಾಗ 16 ಬಂದು ಡ್ರೈವ್ ಮಾಯ. ಖಚಿತಪಡಿಸಿಕೊಳ್ಳಲು ಡ್ರೈವ್‌ಗೆ ಸತತ ಬರೆಯುವ ಪರೀಕ್ಷಾ ಪ್ರೋಗ್ರಾಮ್ ಹಾಕಿ ಸ್ಟಾರ್ಟರನ್ನು ಕೆಲವು ಸಲ ಚಾಲೂ-ಬಂದ್ ಮಾಡಿಸಿ. ಬಿಡುವಾಗ ಹೆಚ್ಚು ತಪ್ಪಿದರೆ ಕಾರಣ ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೂಡಿಸಿ ಬಿಡಿಸುವ ಸ್ವಿಚ್) ಕಾಯಿಲಿನ ಕಿಡಿ. 230 ವೋಲ್ಟ್ ಕಾಯಿಲಿಗೆ 100 ಓಮ್, 1 ವ್ಯಾಟ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿ ಎಕ್ಸ್2 ಕೆಪಾಸಿಟರ್ ಸರಣಿಯಲ್ಲಿ ಸೇರಿಸಿ ಕಾಯಿಲಿನ ಎರಡು ತುದಿಗೆ ಅಡ್ಡ ಹಾಕಿ. ನಮ್ಮ ಕಡೆಯ ಎಷ್ಟೋ ಪಂಪ್ ಸ್ಟಾರ್ಟರ್‌ಗಳ ಕಾಯಿಲ್ 415 ವೋಲ್ಟಿನದು. ಅಲ್ಲಿ 275ರ ಕೆಪಾಸಿಟರ್ ಸಿಡಿಯುತ್ತದೆ, 440 ವೋಲ್ಟ್ ಎಸಿ ದರ್ಜೆಯದೇ ಬೇಕು. ಮೇನ್ ಬಂದ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಯುಎಸ್‌ಬಿ ಕೇಬಲ್ ಮೋಟರ್ ತಂತಿಯ ಜೊತೆ ಒಂದೇ ಡಕ್ಟಿನಲ್ಲಿ ಓಡಬಾರದು. ಸಾಕೆಟ್ಟಿನ ಲೋಹದ ಕವಚ ಪ್ಯಾನೆಲ್ ಅರ್ಥಿಂಗ್‌ಗೆ ಹತ್ತಿರದ ದಾರಿಯಲ್ಲಿ ಸೇರಲಿ. ಡೇಟಾ ಲೈನಿಗೆ ಯುಎಸ್‌ಬಿಎಲ್‌ಸಿ6-2 ರಕ್ಷಣಾ ಐಸಿ ಹಾಕಿದರೆ ಒಣಹವೆಯಲ್ಲಿ ಬೆರಳಿನಿಂದ ಹಾರುವ ಸ್ಥಾಯಿ ವಿದ್ಯುತ್ತಿನಿಂದಲೂ ಚಿಪ್ ಉಳಿಯುತ್ತದೆ.

ಕೋಲ್ಡ್ ಸ್ಟೋರೇಜಿನಲ್ಲಿ ಲಾಗರನ್ನು ತಂಪು ಕೋಣೆಯ ಒಳಗೆ ಇಡಬೇಡಿ, ಸೆನ್ಸರ್ ತಂತಿ ಮಾತ್ರ ಒಳಗೆ ಹೋಗಲಿ. ಬಾಗಿಲು ತೆಗೆದಾಗ ನುಗ್ಗುವ ಬಿಸಿಗಾಳಿಯ ತೇವ ಸಾಕೆಟ್ಟಿನೊಳಗೆ ಹನಿಗಟ್ಟಿ ಪಿನ್ನು ಹಸಿರಾಗುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಹನಿಗಿಂತ ಧೂಳಿನ ಕಾಟ: ಮೋಲ್ಡಿಂಗ್ ಮರಳಿನಲ್ಲಿ ಕಲ್ಲಿದ್ದಲ ಪುಡಿ ಬೆರೆತಿರುತ್ತದೆ. ರಬ್ಬರ್ ಮುಚ್ಚಳದ ಸಾಕೆಟ್ ಹಾಕಿ.

ಎಸ್‌ಟಿಎಂ32ನ ಒಳಗಿನ ಯುಎಸ್‌ಬಿ ಬಳಸಿದ್ದರೆ

ಸಿಎಚ್376 ಬಿಟ್ಟು ಎಸ್‌ಟಿಎಂ32 ಮೈಕ್ರೋಕಂಟ್ರೋಲರಿನ ಒಳಗಿನ ಯುಎಸ್‌ಬಿ ಬಳಸಿದ್ದರೂ ಪವರ್, ಕೇಬಲ್, ಫಾರ್ಮ್ಯಾಟ್ ಬಗ್ಗೆ ಹೇಳಿದ್ದೆಲ್ಲ ಸಲ್ಲುತ್ತದೆ. ಇದರದೇ ದೋಷಗಳಲ್ಲಿ ಮೊದಲನೆಯದು ಕ್ಲಾಕ್. ಯುಎಸ್‌ಬಿಗೆ 48 ಮೆಗಾಹರ್ಟ್ಸ್ ಬೇಕು, ಫುಲ್-ಸ್ಪೀಡ್‌ನಲ್ಲಿ ಹೋಸ್ಟ್‌ಗೆ ಅದು ಶೇ 0.05ಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ಎಸ್‌ಟಿಎಂ32 ಎಫ್407ಗೆ 8 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಕ್ಲಾಕ್ ತಯಾರಿಸುವ ಪಿಎಲ್‌ಎಲ್‌ನ ಭಾಜಕ-ಗುಣಕಗಳು ಎಂ 8, ಎನ್ 336, ಪಿ 2, ಕ್ಯೂ 7. ಎಫ್411ರ ಬ್ಲ್ಯಾಕ್ ಪಿಲ್ ಬೋರ್ಡಿನಲ್ಲಿ ಕ್ರಿಸ್ಟಲ್ 25 ಮೆಗಾಹರ್ಟ್ಸ್. ಎಂ 25, ಎನ್ 192, ಪಿ 2, ಕ್ಯೂ 4. ಒಂದು ಬೋರ್ಡಿನ ಕೋಡನ್ನು ಇನ್ನೊಂದಕ್ಕೆ ಹಾಗೇ ಹಾಕಿದರೆ ಡ್ರೈವ್ ಎಂದೂ ಕಾಣದು.

ಎರಡನೆಯದು ಹೀಪ್, ಅಂದರೆ ಪ್ರೋಗ್ರಾಮ್ ಓಡುವಾಗ ಬೇಕಾದಾಗ ಪಡೆಯುವ ಮೆಮೊರಿ. ಆರಂಭದ ಕೋಡ್ ತಯಾರಿಸಿಕೊಡುವ ಕ್ಯೂಬ್‌ಎಂಎಕ್ಸ್ ತಂತ್ರಾಂಶ ಇಟ್ಟ 200 ಹೆಕ್ಸ್ ಹೀಪ್ ಯುಎಸ್‌ಬಿ ಹೋಸ್ಟ್ ಲೈಬ್ರರಿಗೆ ಸಾಲದು, 1000 ಹೆಕ್ಸ್‌ಗೆ ಏರಿಸಿ. ಮೂರನೆಯದು, ಮುಖ್ಯ ಲೂಪಿನಲ್ಲಿ ಉದ್ದುದ್ದ ಡಿಲೇ ಹಾಕುವುದು. ಲೈಬ್ರರಿಯ ಪ್ರೋಸೆಸ್ ಫಂಕ್ಷನ್ ಮತ್ತೆ ಮತ್ತೆ ಓಡಿದರೆ ಮಾತ್ರ ಡ್ರೈವ್ ಗುರುತಿಸುವ ಕೆಲಸ ಮುಂದೆ ಸಾಗುತ್ತದೆ.

ಫೈಲ್ ಓದಿ ಬರೆಯುವ ಫ್ಯಾಟ್‌ಎಫ್‌ಎಸ್ ಲೈಬ್ರರಿಯಲ್ಲಿ ಎಫ್_ಮೌಂಟ್‌ಗೆ ಕೊನೆಯ ಆರ್ಗ್ಯುಮೆಂಟ್ 0 ಕೊಟ್ಟರೆ ನಿಜವಾದ ಮೌಂಟ್ ಆಗುವುದು ಮೊದಲ ಬಾರಿ ಫೈಲ್ ಮುಟ್ಟಿದಾಗ. ಅದಕ್ಕೇ ಎಫ್_ಮೌಂಟ್ "ಸರಿ" ಎಂದರೂ ಎಫ್_ಓಪನ್ 13 ಕೊಡುತ್ತದೆ, ಅಂದರೆ ತಿಳಿಯುವ ಫೈಲ್ ಸಿಸ್ಟಮ್ ಸಿಗಲಿಲ್ಲ. 1 ಕೊಟ್ಟು ಅಲ್ಲೇ ತಿಳಿದುಕೊಳ್ಳಿ. 3 ಬಂದರೆ ಡ್ರೈವ್ ಇನ್ನೂ ಸಿದ್ಧವಿಲ್ಲ, 1 ಬಂದರೆ ಕೆಳಹಂತದ ಓದು-ಬರಹ ತಪ್ಪಿದೆ, ಮತ್ತೆ 5 ವೋಲ್ಟ್ ಅಳೆಯಿರಿ. ಪ್ರತಿ ಕಂತಿನ ನಂತರ ಎಫ್_ಸಿಂಕ್ ಕರೆಯಿರಿ, ಡೈರೆಕ್ಟರಿಗೆ ಉದ್ದ ಬರೆಯುವ ಕೆಲಸ ಇಲ್ಲಿ ಅದರದು.

ಯಾವ ಚಿಪ್ ಆದರೂ ಸಾಕೆಟ್ ಪಕ್ಕ ಎರಡು ಎಲ್‌ಇಡಿ ಇರಲಿ. ಕೆಂಪು ಉರಿಯುತ್ತಿದ್ದರೆ ಬರೆಯುತ್ತಿದೆ, ಕೀಳಬಾರದು. ಹಸಿರು ಉರಿದರೆ ಮುಚ್ಚಿ ಆಗಿದೆ. ಪಕ್ಕದಲ್ಲಿ ಒಂದು ಬಟನ್: ಒತ್ತಿದರೆ ಇಇಪ್ರಾಮಿನಲ್ಲಿ ಉಳಿದದ್ದೆಲ್ಲ ಡ್ರೈವ್ ಸೇರಿ, ಫೈಲ್ ಮುಚ್ಚಿ, ಹಸಿರು ಹತ್ತಬೇಕು. ಬಟನ್ ಮೇಲೆ "ಒತ್ರಿ, ಹಸಿರು ಹತ್ತಿದ ಮ್ಯಾಲೆ ತಗೀರಿ" ಎಂದು ಕನ್ನಡದಲ್ಲಿ ಸ್ಟಿಕರ್ ಹಚ್ಚಿ.